ಪಾರ್ಸೆಲ್ ಕೇಂದ್ರದಲ್ಲಿ ದೊಡ್ಡ ಗಾತ್ರದ ಸರಕು: ಯೋಜನೆ ಮಾಡುವುದು ಹೇಗೆ?

ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶಗಳ ಆಸುಪಾಸಿನಲ್ಲಿ ಗೋದಾಮು ಹಿಡಿದು ಪಾರ್ಸೆಲ್ ವಿಂಗಡಣೆ ಆರಂಭಿಸುವವರು ಮೊದಲು ಲೆಕ್ಕ ಹಾಕುವುದು ಸರಕು ಸಾಗಿಸುವ ಬೆಲ್ಟಿನ ಮೇಲೆ ಸರಾಗವಾಗಿ ಹರಿಯುವ ಸಣ್ಣ ಡಬ್ಬಗಳನ್ನು. ಹಾಸಿಗೆ, ಸೈಕಲ್, ಫ್ರಿಜ್, ಹನಿ ನೀರಾವರಿ ಪೈಪಿನ ಸುರುಳಿ, ಅಡಿಕೆ ಸುಲಿಯುವ ಯಂತ್ರ ಇವೆಲ್ಲ ಎಣಿಕೆಯಲ್ಲಿ ಕಡಿಮೆಯಾದರೂ ಜಾಗವನ್ನೂ ಸಮಯವನ್ನೂ ಹೆಚ್ಚು ತಿನ್ನುತ್ತವೆ, ಹಮಾಲರ ಬೆನ್ನಿಗೂ ಭಾರವಾಗುತ್ತವೆ. ಇವಕ್ಕೆ ಬಾಗಿಲಿನಿಂದ ವಾಹನದವರೆಗೆ ಪ್ರತ್ಯೇಕ ದಾರಿ ಇರಲೇಬೇಕು. ಆ ದಾರಿಯನ್ನು ಯಂತ್ರಗಳನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು.

ಯಾವುದು ದೊಡ್ಡದು ಎಂಬುದನ್ನು ಮೊದಲು ಗೊತ್ತುಮಾಡಿ

ಕೆಲಸಗಾರರ ಕಣ್ಣಂದಾಜಿಗೆ ಇದನ್ನು ಬಿಡಬಾರದು. ಉದ್ದ, ಅಗಲ, ಎತ್ತರ, ತೂಕ, ಆಕಾರ ಈ ಐದಕ್ಕೂ ಮಿತಿ ಬರೆದಿಡಬೇಕು. ಬೆಲ್ಟಿನ ಅಗಲವೊಂದನ್ನೇ ನೋಡಿ ಮಿತಿ ಹಾಕುವುದು ಸಾಲದು: 80 ಸೆಂ.ಮೀ. ಅಗಲದ ಬೆಲ್ಟು ನೇರ ಓಟದಲ್ಲಿ 150 ಸೆಂ.ಮೀ. ಉದ್ದದ ಪೆಟ್ಟಿಗೆಯನ್ನು ಒಯ್ದರೂ, ತಿರುವಿನಲ್ಲಿ ಅದರ ಮೂಲೆ ಪಕ್ಕದ ತಡೆಗೆ ಸಿಕ್ಕಿಕೊಂಡು ಹಿಂದಿನ ಸಾಲೆಲ್ಲ ನಿಂತುಹೋಗಬಹುದು. ಆದ್ದರಿಂದ ಬೇರೆ ಬೇರೆ ಉದ್ದದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪ್ರತಿಯೊಂದು ತಿರುವಿನಲ್ಲೂ ಓಡಿಸಿ ನೋಡಿ, ಎಲ್ಲಿಯೂ ತಾಗದೆ ಹೋದ ಅಳತೆಯನ್ನೇ ಮಿತಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. ಉರುಳುವ ಸುರುಳಿಗಳು ಮತ್ತು ಚೂಪಾದ ತುದಿ ಹೊರಚಾಚಿದ ಸರಕು ಅಳತೆಯೊಳಗೇ ಇದ್ದರೂ ಬೆಲ್ಟಿಗೆ ಹೋಗಬಾರದು.

ತೂಕದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಎತ್ತುವಿಕೆ ಸೂತ್ರವು ಎಲ್ಲ ಅನುಕೂಲಗಳಿದ್ದಾಗಲೂ ಒಬ್ಬರು ಎತ್ತುವ ಭಾರ 23 ಕಿಲೋಗ್ರಾಂ ದಾಟಬಾರದೆಂದು ಹೇಳುತ್ತದೆ. ಬಗ್ಗಿ, ತಿರುಗಿ ಎತ್ತಬೇಕಾದ ಕಡೆ ಈ ಮಿತಿ ಇನ್ನೂ ಇಳಿಯುತ್ತದೆ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಕಲಮು ಕೂಡ ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆನ್ನುತ್ತಿತ್ತು.

ಸಾಗಣೆ ದರ ಹಾಕುವಾಗ ಬಳಸುವ ಗಾತ್ರತೂಕವನ್ನು, ಅಂದರೆ ಪೆಟ್ಟಿಗೆಯ ಅಳತೆಯಿಂದ ಲೆಕ್ಕ ಹಾಕುವ ತೂಕವನ್ನು, ಇದರೊಂದಿಗೆ ಬೆರೆಸಬೇಡಿ. 120, 60, 50 ಸೆಂ.ಮೀ. ಅಳತೆಯ ಹಾಸಿಗೆ ಪೆಟ್ಟಿಗೆಯನ್ನು, ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸುವ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ 72 ಕಿಲೋ ಬರುತ್ತದೆ, ಆದರೆ ಅದನ್ನು ಒಬ್ಬರೇ ಎತ್ತಬಹುದಾಗಿರಬಹುದು. ಬಿಲ್ಲಿಗೆ ಒಂದು ತೂಕ, ಹಮಾಲರಿಗೆ ಕಾಣುವಂತೆ ಚೀಟಿಯ ಮೇಲೆ ಬರೆಯುವ ನಿಜವಾದ ತೂಕ ಇನ್ನೊಂದು.

ಬಾಗಿಲಲ್ಲೇ ಬೇರ್ಪಡಿಸಿ

ಲಾರಿಯಿಂದ ಇಳಿಸುವ ಜಾಗದಲ್ಲೇ ಅಳತೆಕೋಲು, ನೆಲದ ತಕ್ಕಡಿ, ಸ್ಕ್ಯಾನರ್ ಇರಬೇಕು. ಮಿತಿ ಮೀರಿದ ಸರಕಿಗೆ ಅಲ್ಲಿಯೇ ಬಣ್ಣದ ಚೀಟಿ ಅಂಟಿಸಿ ಪ್ರತ್ಯೇಕ ಸಾಲಿಗೆ ತಿರುಗಿಸಬೇಕು. ವಿಳಾಸದ ಲೇಬಲನ್ನು ಅಕ್ಕಪಕ್ಕದ ಎರಡು ಮುಖಗಳಿಗೆ ಹಚ್ಚಿದರೆ, ಗೋಡೆಗೆ ಒರಗಿಸಿದಾಗಲೂ ಒಂದಾದರೂ ಕಾಣುತ್ತದೆ. ಪೈಪಿನ ಸುರುಳಿಗೆ ಅಂಟಿಸಿದ ಲೇಬಲ್ ಉಜ್ಜಿ ಕಿತ್ತುಹೋಗುವುದರಿಂದ ದಾರದಲ್ಲಿ ಕಟ್ಟುವ ಚೀಟಿಯೇ ಸರಿ.

ವಾಹನದಿಂದ ಹಿಂದಕ್ಕೆ ಯೋಚಿಸಿ

ಯೋಜನೆಯ ಜೀವಾಳ ಇಲ್ಲಿದೆ. ಹೊರಗೆ ಒಯ್ಯುವ ವಾಹನ ಯಾವುದು, ಯಾವಾಗ ಹೊರಡುತ್ತದೆ ಎಂಬುದೇ ಒಳಗೆ ಎಷ್ಟು ಜಾಗ ಬೇಕೆಂಬುದನ್ನು ತೀರ್ಮಾನಿಸುತ್ತದೆ. ಊರೊಳಗೆ ಓಡಾಡುವ ಸಣ್ಣ ಸರಕು ಆಟೋಗಳ ತೊಟ್ಟಿ ಸುಮಾರು 7 ಅಡಿ ಉದ್ದವಿರುತ್ತದೆ. 10 ಅಡಿಯ ಕಟ್ಟು ಬಂದರೆ ಹಿಂಬಾಗಿಲು ಮುಚ್ಚುವುದಿಲ್ಲ. ಅಂತಹ ಸರಕಿಗೆ ದೊಡ್ಡ ವಾಹನದ ನಿಗದಿತ ದಿನವನ್ನು ಮೊದಲೇ ಗೊತ್ತುಮಾಡಬೇಕು.

ಒಂದು ಲೆಕ್ಕ ನೋಡೋಣ. ಗಂಟೆಗೆ 30 ದೊಡ್ಡ ಪಾರ್ಸೆಲ್ ಬಂದು, ಪ್ರತಿಯೊಂದೂ ಸರಾಸರಿ 2 ಗಂಟೆ ತಂಗಿದರೆ, ಯಾವ ಹೊತ್ತಿನಲ್ಲಿ ನೋಡಿದರೂ ನೆಲದ ಮೇಲೆ ಸರಾಸರಿ 60 ಇರುತ್ತವೆ. ಒಂದಕ್ಕೆ ಒಂದು ಚದರ ಮೀಟರ್, ಪ್ಯಾಲೆಟ್ ಟ್ರಾಲಿ ತಿರುಗಲು ಅಷ್ಟೇ ಜಾಗ ಎಂದು ಹಿಡಿದರೆ 120 ಚದರ ಮೀಟರ್, ಅಂದರೆ ಸುಮಾರು 1300 ಚದರ ಅಡಿ ಬೇಕು. ಪಾವಗಡದ ಕಡೆಗೆ ದೊಡ್ಡ ವಾಹನ ದಿನ ಬಿಟ್ಟು ದಿನ ಹೊರಡುವುದಾದರೆ, ಆ ಮಾರ್ಗಕ್ಕೆ ದಿನಕ್ಕೆ 10ರಂತೆ ಬಂದದ್ದು ಹೊರಡುವ ಹೊತ್ತಿಗೆ 20 ಆಗಿರುತ್ತದೆ; ಈ ಜಾಗ ಪ್ರತ್ಯೇಕವಾಗಿರಬೇಕು. ಶಿರಾ, ತಿಪಟೂರು, ಮಧುಗಿರಿ ಎಂದು ಮಾರ್ಗವಾರು ಗೆರೆ ಹಾಕಿ, ಹೆಚ್ಚು ಸರಕು ಹೋಗುವ ಮಾರ್ಗವನ್ನು ಬಾಗಿಲಿಗೆ ಹತ್ತಿರ ಇಡಿ. ದಸರಾ, ದೀಪಾವಳಿಯ ದಿನಗಳಿಗೆ ಸರಾಸರಿಯನ್ನು ನಂಬದೆ, ಹಿಂದಿನ ವರ್ಷದ ಅತಿ ಹೆಚ್ಚಿನ ಗಂಟೆಯ ಎಣಿಕೆಯನ್ನೇ ಹಿಡಿಯಬೇಕು.

ಎತ್ತುವುದು, ಏರಿಸುವುದು

ಫ್ರಿಜ್ಜನ್ನು ಎಂದೂ ಅಡ್ಡ ಮಲಗಿಸಬಾರದು. ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಇಳಿದು ಯಂತ್ರ ಕೆಡಬಹುದು. ಪಟ್ಟಿ ಬಿಗಿಯುವ ಎರಡು ಚಕ್ರದ ಟ್ರಾಲಿಗೆ ಫ್ರಿಜ್ಜಿನ ಬೆನ್ನಿನ ಬದಲು ಪಕ್ಕದ ಮಗ್ಗುಲನ್ನು ಆನಿಸಿ, ಸ್ವಲ್ಪವೇ ವಾಲಿಸಿ, ಇಬ್ಬರು ಸೇರಿ ನಡೆಸಬೇಕು. ಟಿವಿ ಪೆಟ್ಟಿಗೆ ನಿಂತೇ ಸಾಗಬೇಕು. ಅದರ ಮೇಲೆ ಏನನ್ನೂ ಪೇರಿಸಬಾರದು.

ವಾಹನಕ್ಕೆ ಏರಿಸುವಾಗ ಕೊನೆಯ ಊರಿನ ಸರಕು ಒಳಗೆ, ಮೊದಲ ಊರಿನದು ಬಾಗಿಲ ಬಳಿ ಇರಲಿ; ಭಾರವಾದದ್ದು ಕೆಳಗಿದ್ದು ಹಗ್ಗದಿಂದ ಬಿಗಿಯಾಗಿರಲಿ. ವಾಹನ ಹೊರಟ ಮೇಲೂ ನೆಲದಲ್ಲಿ ಉಳಿದ ಸರಕನ್ನು ಪ್ರತಿ ಪಾಳಿಯ ಕೊನೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಉಳಿದ ಕಾರಣವನ್ನು ಅದರ ಚೀಟಿಯ ಮೇಲೆ ಬರೆದು ಮುಂದಿನ ಪಾಳಿಯ ಮೇಲ್ವಿಚಾರಕರಿಗೆ ಒಪ್ಪಿಸಬೇಕು.