ಯಾವ ಬಹುಮಾನ ಯಾವ ಕೆಲಸಕ್ಕೆ?

ಮಗುವಿಗೆ ಕಲಿಸಲು ಕೂರುವ ಮುಂಚೆ, ಬಹುಮಾನಕ್ಕೆ ಯಾವುದು ಹೆಚ್ಚು ಇಷ್ಟ ಎಂದು ತಿಳಿಯಲು ಐದು ಆಟಿಕೆ ಸಾಲಾಗಿಟ್ಟು "ಒಂದು ತಗೋ" ಅನ್ನಿ. ಅರ್ಧ ನಿಮಿಷ ಆಡಲು ಬಿಟ್ಟು ಅದನ್ನು ಪಕ್ಕಕ್ಕಿಡಿ, ಉಳಿದವುಗಳ ಜಾಗ ಬದಲಿಸಿ ಮತ್ತೆ ಕೇಳಿ, ಸಾಲು ಖಾಲಿಯಾಗುವವರೆಗೂ. ಮೊದಲು ಎತ್ತಿಕೊಂಡದ್ದನ್ನು ಅತಿ ಕಷ್ಟದ ಕೆಲಸದ ಬಹುಮಾನಕ್ಕೇ ಮೀಸಲಿಡಿ. ಸುಲಭದ್ದಕ್ಕೆ ಮೂರನೆಯದೋ ನಾಲ್ಕನೆಯದೋ ಧಾರಾಳವಾಯಿತು. ಯಾಕೆಂದರೆ ಒಂದೊಂದು ಉತ್ತರಕ್ಕೂ ಬಹುಮಾನ ಸಿಗುವಾಗ ಸಾಧಾರಣ ಇಷ್ಟದ ವಸ್ತುವೂ ಅಚ್ಚುಮೆಚ್ಚಿನದರಷ್ಟೇ ಕೆಲಸ ಮಾಡಿಬಿಡಬಹುದು. ಎರಡು, ನಾಲ್ಕು, ಎಂಟು ಉತ್ತರಕ್ಕೆ ಒಂದು ಸಲ ಎಂದು ಏರಿಸುತ್ತ ಹೋದಾಗ ವ್ಯತ್ಯಾಸ ಬಯಲಾಗುತ್ತದೆ. ಮಗು ಎಲ್ಲಿ ಕೈಬಿಟ್ಟಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಆ ವಸ್ತುವಿನ ನಿಜವಾದ ಶಕ್ತಿ ಅಷ್ಟೇ. (ಮಗು ಅಳುವವರೆಗೂ ಏರಿಸಬೇಕಿಲ್ಲ, ನಿಧಾನವಾದಾಗಲೇ ನಿಲ್ಲಿಸಿ.) ತಿಂಡಿ, ಆಟಿಕೆ ಎರಡನ್ನೂ ಒಂದೇ ಸಾಲಿನಲ್ಲಿಟ್ಟರೆ ಸಾಮಾನ್ಯವಾಗಿ ತಿಂಡಿಯೇ ಗೆಲ್ಲುತ್ತದೆ, ಒಳ್ಳೆಯ ಆಟಿಕೆಯೂ ಸಪ್ಪೆ ಅನ್ನಿಸುತ್ತದೆ, ಬೇರೆ ಬೇರೆ ನೋಡಿ. ಸದಾ ಬಲತುದಿಯದನ್ನೇ ಎತ್ತುವ ಮಗುವಿಗೆ ಈ ಸಾಲು ಉಪಯೋಗವಿಲ್ಲ, ಅದು ಜಾಗದ ಅಭ್ಯಾಸ. ಒಂದೊಂದಾಗಿ ಕೊಟ್ಟು ಎಷ್ಟು ಹೊತ್ತು ಆಡುತ್ತದೆ ಎಂದು ಅಳೆಯಿರಿ. ಅದೇ ಆಟಿಕೆ ದಿನವಿಡೀ ಪುಕ್ಕಟೆ ಸಿಗುತ್ತಿದ್ದರೂ, ಈಗಷ್ಟೇ ಆಡಿ ಸಾಕಾಗಿದ್ದರೂ ಮೊದಲ ಸ್ಥಾನಕ್ಕೆ ಬೆಲೆಯಿಲ್ಲ, ಹಾಗಾಗಿ ನಿನ್ನೆಯ ಪಟ್ಟಿಯನ್ನು ಇವತ್ತು ನೆಚ್ಚಬೇಡಿ. ಇನ್ನು ಕೆಲಸವೇ ಗೊತ್ತಿಲ್ಲದ ಮಗುವಿಗೆ ಬಹುಮಾನ ದೊಡ್ಡದು ಮಾಡಿ ಪ್ರಯೋಜನವಿಲ್ಲ, ಮೊದಲು ಹೆಜ್ಜೆ ಚಿಕ್ಕದು ಮಾಡಿ.