ಕೊನೇ ಸಾಲಿನ ಮಗುವಿಗೂ ಆಗಸ್ಟ್ 15 ಆಗಲಿ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ನಮ್ಮ ಶಾಮಿಯಾನ, ಮೈಕ್‌ಸೆಟ್ ಅಂಗಡಿ ಇದೆ. ಅಪ್ಪನ ಕಾಲದಿಂದಲೂ ಸ್ವಾತಂತ್ರ್ಯೋತ್ಸವಕ್ಕೆ ಮೈಕ್ ನಮ್ಮದೇ. ಮೈಕ್‌ನವರಿಗೆ ವೇದಿಕೆ ಮೇಲೆ ಕುರ್ಚಿ ಇರುವುದಿಲ್ಲ. ವೈರ್ ಹಿಡಿದು ಮೈದಾನದ ತುಂಬ ಓಡಾಡುತ್ತೇವೆ. ಹಾಗಾಗಿ ಹಬ್ಬ ಮುಂದಿನಿಂದ ಹೇಗೆ ಕಾಣುತ್ತದೆ, ಹಿಂದಿನಿಂದ ಹೇಗೆ ಕಾಣುತ್ತದೆ ಎರಡೂ ಗೊತ್ತು. ಕೊನೇ ಸಾಲಿನಲ್ಲಿ ನಿಂತ ಐದನೇ ಕ್ಲಾಸಿನ ಹುಡುಗಿಗೆ ಬಾವುಟ ಕಾಣದೆ, ಮಾತು ಕೇಳದೆ ಹೋದರೆ ಅವಳ ಪಾಲಿಗೆ ಅದು ಬಿಸಿಲಲ್ಲಿ ನಿಂತ ಒಂದು ದಿನ, ಅಷ್ಟೇ. ನಿಮ್ಮ ಊರಿನ ಸಮಿತಿಯಲ್ಲಿ ನೀವಿದ್ದರೆ ಆ ಹುಡುಗಿಯನ್ನು ಮನಸ್ಸಿನಲ್ಲಿಟ್ಟು ಕೆಲಸ ಶುರು ಮಾಡಿ.

ಸಭೆ ಮೈದಾನದಲ್ಲೇ ಆಗಲಿ

ಜುಲೈನಲ್ಲಿ ತಹಶೀಲ್ದಾರರ ಕಚೇರಿಯಲ್ಲಿ ಪೂರ್ವಭಾವಿ ಸಭೆ ಕರೆಯುತ್ತಾರೆ. ಯಾರು ಅತಿಥಿಗಳು, ಸಿಹಿ ಯಾರು ಕೊಡುತ್ತಾರೆ, ಪಥಸಂಚಲನಕ್ಕೆ ಎಷ್ಟು ಶಾಲೆ ಅಂತ ಬರೆದುಕೊಳ್ಳುವುದಕ್ಕೆ ಆ ಸಭೆ ಬೇಕೇ ಬೇಕು. ಅದಾದ ಮೇಲೆ ಇನ್ನೊಂದು ಸಭೆಯನ್ನು ಮೈದಾನದಲ್ಲೇ, ಬೆಳಗ್ಗೆ ಒಂಬತ್ತಕ್ಕೇ ಇಡಿ ಅಂತ ಕೇಳಿಕೊಳ್ಳಿ. ಕಾರ್ಯಕ್ರಮ ನಡೆಯುವುದು ಅದೇ ಹೊತ್ತಿಗೆ. ಸೂರ್ಯ ಎಲ್ಲಿರುತ್ತಾನೆ, ನೀರು ಎಲ್ಲಿ ನಿಲ್ಲುತ್ತದೆ, ಕಾಂಪೌಂಡಿನ ಮರದ ನೆರಳು ಎಲ್ಲಿಗೆ ಬೀಳುತ್ತದೆ ಎಲ್ಲವೂ ಕಣ್ಣಿಗೇ ಕಾಣುತ್ತದೆ.

ಬಹಳ ಊರುಗಳಲ್ಲಿ ಮಕ್ಕಳನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸುತ್ತಾರೆ. ಒಂಬತ್ತರ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅವರು ಬಾವುಟ ನೋಡುವುದಾದರೂ ಹೇಗೆ? ವೇದಿಕೆಯನ್ನು ಪಶ್ಚಿಮದ ಕಡೆ ಹಾಕಿಸಿ. ಆಗ ಮಕ್ಕಳ ಬೆನ್ನಿಗೆ ಬಿಸಿಲು. ಅತಿಥಿಗಳ ಮುಖಕ್ಕೆ ಬಿಸಿಲು ಬೀಳುತ್ತದೆ ನಿಜ, ಆದರೆ ಅವರ ತಲೆ ಮೇಲೆ ಶಾಮಿಯಾನ ಇರುತ್ತದೆ. ಧ್ವಜಕಂಬ ಸಿಮೆಂಟ್ ಕಟ್ಟೆಯಲ್ಲಿ ನಿಂತುಬಿಟ್ಟಿದೆ, ಜರುಗಿಸುವುದಕ್ಕೆ ಆಗುವುದಿಲ್ಲ ಅನ್ನುವ ಕಡೆ ಮಕ್ಕಳ ಸಾಲನ್ನಾದರೂ ಓರೆಯಾಗಿ ತಿರುಗಿಸಬಹುದು.

ಶ್ರಾವಣದ ಜಿಟಿಜಿಟಿ ಮಳೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಮೈದಾನದ ತಗ್ಗಿಗೆ ಒಂದೆರಡು ಟ್ರ್ಯಾಕ್ಟರ್ ಗರಸು ಹಾಕಿಸುವುದನ್ನು ಆಗಸ್ಟ್ ಮೊದಲ ವಾರದಲ್ಲೇ ಮುಗಿಸಿ. ಹಿಂದಿನ ದಿನ ಹಾಕಿದ ಗರಸು ಕೂರುವುದಿಲ್ಲ, ಚಿಕ್ಕ ಮಕ್ಕಳು ಅದರಲ್ಲೇ ಜಾರುತ್ತಾರೆ.

ಬಾವುಟ, ಹಗ್ಗ, ರಾಟೆ

ನಮ್ಮ ಭಾಗದವರಿಗೆ ಬಾವುಟಕ್ಕಾಗಿ ದೂರ ಹೋಗುವ ಅಗತ್ಯವೇ ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಅಲ್ಲಿ ಹೊಲಿದ ಬಾವುಟ ದೇಶದ ಮೂಲೆಮೂಲೆಗೆ ಹೋಗುತ್ತದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಆಗಿ ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಅನುಮತಿ ಸಿಕ್ಕಿದೆ. ಮನೆ ಮೇಲೆ ಯಾವುದನ್ನಾದರೂ ಹಾರಿಸಿ. ಊರಿನ ಕಂಬಕ್ಕೆ ಮಾತ್ರ ಖಾದಿಯೇ ಇರಲಿ ಅಂತ ನನ್ನ ಒತ್ತಾಯ. ಪಕ್ಕದ ಜಿಲ್ಲೆಯ ಅಕ್ಕತಂಗಿಯರು ಹೊಲಿದದ್ದು ಅಂತ ಮಕ್ಕಳಿಗೆ ಮೈಕ್‌ನಲ್ಲಿ ಹೇಳುವುದಕ್ಕೂ ಬರುತ್ತದೆ. ಆಗಸ್ಟ್ ಹತ್ತಿರ ಬಂದರೆ ನೂಕುನುಗ್ಗಲು ಜಾಸ್ತಿ. ಜುಲೈನಲ್ಲೇ ತರಿಸಿ. ಅಳತೆ ಯಾವುದೇ ಇರಲಿ, ಉದ್ದ ಮೂರು ಪಾಲಿದ್ದರೆ ಅಗಲ ಎರಡು ಪಾಲು ಇರಬೇಕು.

ಹಗ್ಗದ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಧ್ವಜಾರೋಹಣದಲ್ಲಿ ತೊಂದರೆ ಆಗುವುದು ಅದರಿಂದಲೇ. ನೂಲಿನ ಹಗ್ಗ ಮಳೆಯಲ್ಲಿ ನೆನೆದರೆ ಉಬ್ಬಿ ಕಂಬದ ತುದಿಯ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೀರಾ ತೆಳ್ಳಗಿನ ನೈಲಾನ್ ಹಗ್ಗ ಗಾಳಿಗೆ ತಾನೇ ಸುತ್ತಿಕೊಳ್ಳುತ್ತದೆ. ಕಿರುಬೆರಳಿಗಿಂತ ಸ್ವಲ್ಪ ತೆಳ್ಳಗಿನ ಹೆಣೆದ ನೈಲಾನ್ ಹಗ್ಗ ಒಳ್ಳೆಯದು. ಕಂಬ ಮೂವತ್ತು ಅಡಿ ಇದ್ದರೆ ಹಗ್ಗ ಎಪ್ಪತ್ತು ಅಡಿ ಬೇಕು. ಒಂದು ವಾರ ಮುಂಚೆ ರಾಟೆಗೆ ಎಣ್ಣೆ ಬಿಡಿಸಿ, ಬಾವುಟದಷ್ಟೇ ತೂಕದ ಬಟ್ಟೆ ಕಟ್ಟಿ ಮೇಲೆ ಕೆಳಗೆ ಎಳೆದು ನೋಡಿ. ಕೇಸರಿ ಯಾವ ಕಡೆ ಅಂತ ಗುರುತಿಗೆ ಕೆಲವರು ಬಾವುಟದ ಅಂಚಿಗೆ ಪೆನ್ನಿನಲ್ಲಿ ಬರೆಯುತ್ತಾರೆ. ಬಾವುಟದ ಮೇಲೆ ಏನನ್ನೂ ಬರೆಯುವಂತಿಲ್ಲ. ಕೇಸರಿ ಕಡೆ ಬರಬೇಕಾದ ಹಗ್ಗದ ತುದಿಗೆ ಒಂದು ಕೆಂಪು ದಾರ ಸುತ್ತಿಬಿಡಿ, ಸಾಕು.

ಇನ್ನೊಂದು ವಿಷಯ. ಕೆಂಪುಕೋಟೆಯಲ್ಲಿ ಆಗಸ್ಟ್ 15ರಂದು ಪ್ರಧಾನಿಯವರು ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾರೆ. ಕಂಬದ ತುದಿಯಲ್ಲಿ ಮೊದಲೇ ಮಡಚಿ ಕಟ್ಟಿದ್ದನ್ನು ಬಿಚ್ಚುವುದು ಜನವರಿ 26ರಂದು. ಅದನ್ನು ರಾಷ್ಟ್ರಪತಿಯವರು ಮಾಡುತ್ತಾರೆ. ನಮ್ಮ ಊರುಗಳಲ್ಲಿ ಎರಡೂ ದಿನ ಮೇಲೆ ಕಟ್ಟಿ, ಒಳಗೆ ಹೂ ತುಂಬಿ, ಕೆಳಗಿನಿಂದ ಜಗ್ಗುವುದೇ ರೂಢಿ. ಒಳಗೆ ಹೂ ಇಡುವುದಕ್ಕೆ ಅಡ್ಡಿಯಿಲ್ಲ. ಆದರೆ ಆಗಸ್ಟ್ 15ಕ್ಕೆ ಕೆಳಗಿನಿಂದಲೇ ಏರಿಸಿ ನೋಡಿ. ಗಂಟು ಬಿಚ್ಚಿಕೊಳ್ಳಲಿಲ್ಲ ಅನ್ನುವ ಗಾಬರಿಯೇ ಇರುವುದಿಲ್ಲ. ಹಿಂದೆ ನಿಂತ ಮಕ್ಕಳಿಗೂ ಬಾವುಟ ಏರುವುದು ಅಷ್ಟು ಹೊತ್ತು ಕಾಣುತ್ತದೆ. ಏರಿಸುವಾಗ ಚುರುಕಾಗಿ ಏರಿಸಬೇಕು, ಇಳಿಸುವಾಗ ನಿಧಾನ, ಗೌರವದಿಂದ ಇಳಿಸಬೇಕು. ಅದೂ ಸಂಹಿತೆಯಲ್ಲೇ ಇದೆ.

ರಾಷ್ಟ್ರಗೀತೆ ಎರಡೆರಡು ಸಲ ಕೇಳಬಾರದು

ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ರಾಷ್ಟ್ರಗೀತೆ ಸುಮಾರು 52 ಸೆಕೆಂಡಿನದು. ವೇದಿಕೆ ಹತ್ತಿರದ ಮಕ್ಕಳು ಮುಗಿಸಿ ಸುಮ್ಮನಾಗುತ್ತಾರೆ, ಹಿಂದಿನವರು ಇನ್ನೂ ಹಾಡುತ್ತಿರುತ್ತಾರೆ. ಹಿಂದಿನ ಶಾಲೆಯವರಿಗೆ ಶಿಸ್ತಿಲ್ಲ ಅಂತ ಮೇಷ್ಟ್ರುಗಳು ಬೈಯುತ್ತಾರೆ. ಮಕ್ಕಳದೇನೂ ತಪ್ಪಿಲ್ಲ. ಧ್ವನಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಆಚೆ ನಿಂತವರಿಗೆ ಹಾಡು ಮುಟ್ಟುವುದೇ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ. ಅವರು ಕೇಳಿಸಿಕೊಂಡು ಹಾಡಿದ್ದು ವೇದಿಕೆಗೆ ವಾಪಸ್ ಬರುವ ಹೊತ್ತಿಗೆ ಅದರ ಎರಡರಷ್ಟು ತಡ. ಇದರ ಮೇಲೆ ಮೈದಾನದ ನಾಲ್ಕು ಮೂಲೆಗೆ ನಾಲ್ಕು ಹಾರ್ನ್ ಕಟ್ಟಿ ಎಲ್ಲವನ್ನೂ ಒಳಗೆ ತಿರುಗಿಸಿದರೆ ಮಧ್ಯದಲ್ಲಿ ನಿಂತವರಿಗೆ ಒಂದೇ ಸಾಲು ಬೇರೆ ಬೇರೆ ಹೊತ್ತಿಗೆ ಬಂದು ಬಡಿಯುತ್ತದೆ.

ಇದಕ್ಕೆ ದಾರಿ ಇದೆ. ಹಾಡುವ ತಂಡವನ್ನು ವೇದಿಕೆ ಮೇಲೆ ನಿಲ್ಲಿಸಬೇಡಿ, ಮೈದಾನದ ನಡುವೆ ನಿಲ್ಲಿಸಿ. ಬೇರೆ ಬೇರೆ ಶಾಲೆಗಳಿಂದ ಆರಿಸಿದ ನಲವತ್ತು ಮಕ್ಕಳು ಸಾಕು. ಅವರ ಪಕ್ಕದಲ್ಲೇ ಎತ್ತರದ ಗಳಕ್ಕೆ ಹಾರ್ನ್‌ಗಳನ್ನು ಕಟ್ಟಿ, ಎಲ್ಲದರ ಬಾಯಿ ಹೊರಗಿನ ಕಡೆ ಇರಲಿ. ಆಗ ಯಾವ ಸಾಲಿಗೂ ನಡುವಿನಿಂದ ಐವತ್ತು ಮೀಟರಿಗಿಂತ ಜಾಸ್ತಿ ದೂರ ಆಗುವುದಿಲ್ಲ. ಹಾಡು ಬೆನ್ನಟ್ಟಿಕೊಂಡು ಬರುವುದು ಪೂರ್ತಿ ಹೋಗದಿದ್ದರೂ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ಎದುರಿಗೆ ದೊಡ್ಡ ಗೋಡೆ ಇದ್ದರೆ ಆ ಕಡೆಯ ಹಾರ್ನನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ.

ಪೆನ್‌ಡ್ರೈವ್ ಹಾಕಿ ರಾಷ್ಟ್ರಗೀತೆ ಬಾರಿಸಬೇಡಿ. ಊರಿನ ಮಕ್ಕಳು ಹಾಡಲಿ. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಒಬ್ಬ ಸಂಗೀತ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕೂತರೆ ಎರಡು ವಾರದಲ್ಲಿ ತಂಡ ತಯಾರಾಗುತ್ತದೆ. ಶ್ರುತಿ ಮೇಲೆ ಹಿಡಿದರೆ ಕೊನೆಗೆ ಗಂಟಲು ಕಟ್ಟುತ್ತದೆ. ಸ್ವಲ್ಪ ಕೆಳಗೇ ಹಿಡಿಸಿ. ನಾಡಗೀತೆಗೆ ಎರಡೂವರೆ ನಿಮಿಷ ಅಂತ ಸರ್ಕಾರವೇ ಗೊತ್ತು ಮಾಡಿದೆ. ಅದನ್ನೂ ಇದೇ ತಂಡಕ್ಕೆ ಕಲಿಸಿ.

ಕರೆಂಟ್ ಹೋದರೆ ಜನರೇಟರ್ ಶುರುವಾಗುವವರೆಗೆ ಮೈಕ್ ಸತ್ತಿರುತ್ತದೆ. 12 ವೋಲ್ಟ್ ಬ್ಯಾಟರಿ ಮೇಲೂ ನಡೆಯುವ ಆಂಪ್ಲಿಫೈಯರ್ ಸಿಗುತ್ತದೆ, ಅದನ್ನೇ ಕೇಳಿ ತರಿಸಿ. ಮೈಕ್‌ಗೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಆಗಸ್ಟ್ ಗಾಳಿಗೆ ಬರೀ ಗರಗರ ಸದ್ದು. ಕಾರ್ಡ್‌ಲೆಸ್ ಮೈಕ್‌ನ ಸೆಲ್ ಅವತ್ತೇ ಬೆಳಗ್ಗೆ ಬದಲಾಯಿಸಬೇಕು. ಹಿಂದಿನ ದಿನ ಕೊನೇ ಸಾಲಿನ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ಮೈಕ್‌ನಲ್ಲಿ ಪೇಪರ್ ಓದಿಸಿ. ಅವರಿಗೆ ಒಂದೊಂದು ಮಾತೂ ಬಿಡಿಸಿ ಕೇಳಿದರೆ ಮಾತ್ರ ನಿಮ್ಮ ಮೈಕ್‌ನವರ ಕೆಲಸ ಮುಗಿದ ಹಾಗೆ.

ಏನು ಮಾತಾಡಬೇಕು

ಭಾಷಣ ಎರಡೇ ಇರಲಿ, ಎರಡೂ ಸೇರಿ ಹದಿನೈದು ನಿಮಿಷ ದಾಟದಿರಲಿ. ಸನ್ಮಾನವನ್ನು ಸಂಜೆಗೆ ಇಟ್ಟುಕೊಳ್ಳಿ. ಹೆಸರು ಕೂಗಿ, ಅವರು ಎದ್ದು ಬಂದು, ಶಾಲು, ಹಾರ, ಫೋಟೋ ಮುಗಿಯುವುದಕ್ಕೆ ಒಬ್ಬರಿಗೆ ಎರಡು ನಿಮಿಷ ಹಿಡಿಯುತ್ತದೆ. ಹದಿನೈದು ಜನ ಅಂದರೆ ಅರ್ಧ ಗಂಟೆ. ಆ ಅರ್ಧ ಗಂಟೆ ಮಕ್ಕಳು ನಿಂತೇ ಇರುತ್ತಾರೆ.

ಮಕ್ಕಳಿಗೆ ಬೇಕಾದದ್ದು ತಮ್ಮ ಊರಿನ ಕಥೆ. ನಮಗೆ ಮೋಟೆಬೆನ್ನೂರು ಹತ್ತಿರ. ಮೈಲಾರ ಮಹಾದೇವಪ್ಪ ಹುಟ್ಟಿದ ಊರು ಅದು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗೆ ನಡೆದವರಲ್ಲಿ ಅವರಿದ್ದರು. ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ವಸೂಲಿ ಮಾಡಿಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಜೊತೆಗಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಪ್ರಾಣ ಬಿಟ್ಟರು. ಇದನ್ನು ಹೈಸ್ಕೂಲಿನ ಒಬ್ಬ ಹುಡುಗಿ ನಾಲ್ಕು ನಿಮಿಷದಲ್ಲಿ, ಕಾಗದ ನೋಡದೆ ಹೇಳಲಿ. ಮೈದಾನ ಹೇಗೆ ನಿಶ್ಶಬ್ದ ಆಗುತ್ತದೆ ನೋಡಿ.

ನಿಮ್ಮದು ಬೇರೆ ಕಡೆ ಆದರೆ ಅಲ್ಲಿಯದನ್ನು ಹುಡುಕಿ. ಮದ್ದೂರಿನವರಿಗೆ 1938ರ ಶಿವಪುರದ ಧ್ವಜ ಸತ್ಯಾಗ್ರಹ ಇದೆ. ಗೌರಿಬಿದನೂರಿನವರಿಗೆ ಅದೇ ವರ್ಷ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರ್ ಇದೆ. ಶಿಕಾರಿಪುರದವರಿಗೆ 1942ರ ಈಸೂರಿನ ಹೋರಾಟ ಇದೆ. ಕಲಬುರಗಿ, ಬೀದರ್ ಕಡೆಯವರು 1947ರ ಆಗಸ್ಟ್ 15ರಂದು ತಮ್ಮ ಊರು ಇನ್ನೂ ನಿಜಾಮನ ಕೈಯಲ್ಲಿತ್ತು, ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ ಅಂತ ಹೇಳಲೇಬೇಕು. ಎಲ್ಲಾ ಕಡೆ ಒಂದೇ ಭಾಷಣ ಯಾಕೆ?

ಕುಣಿತಕ್ಕೂ ಇದೇ ಮಾತು. ಸಿನಿಮಾ ಹಾಡಿನ ನೃತ್ಯ ಒಂದಿರಲಿ, ಮಕ್ಕಳಿಗೆ ಖುಷಿ. ಉಳಿದ ಜಾಗವನ್ನು ಲೇಜಿಮ್, ಡೊಳ್ಳು, ಮಲ್ಲಕಂಬ, ಗೀಗೀ ಪದಕ್ಕೆ ಬಿಡಿ. ಚಳವಳಿಯ ಕಾಲದಲ್ಲಿ ನಮ್ಮ ಭಾಗದ ಹಳ್ಳಿಗಳಿಗೆ ಸ್ವರಾಜ್ಯದ ಸುದ್ದಿ ಮುಟ್ಟಿಸಿದ್ದರಲ್ಲಿ ಗೀಗೀ ಮೇಳಗಳೂ ಇದ್ದವು.

ಹೊಟ್ಟೆ, ನೀರು, ನೆರಳು

ಶಾಲೆಯಲ್ಲಿ ಧ್ವಜಾರೋಹಣ, ಆಮೇಲೆ ಪ್ರಭಾತ್‌ಫೇರಿ, ಆಮೇಲೆ ಮೈದಾನ. ಎಷ್ಟೋ ಮಕ್ಕಳು ಬೆಳಗ್ಗೆ ಆರಕ್ಕೆ ಬರೀ ಚಹಾ ಕುಡಿದು ಮನೆ ಬಿಟ್ಟಿರುತ್ತಾರೆ. ಹತ್ತು ಗಂಟೆಗೆ ತಲೆಸುತ್ತಿ ಬೀಳುವುದು ಅದಕ್ಕೇ. ಕಾರ್ಯಕ್ರಮ ಮುಗಿದ ಮೇಲೆ ಲಾಡು ಕೊಡುವ ದಾನಿಗಳು ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಒಬ್ಬರನ್ನು ಕೈಮುಗಿದು ಕೇಳಿ, ಎಂಟು ಗಂಟೆಗೆ ಉಪ್ಪಿಟ್ಟೋ ಅವಲಕ್ಕಿಯೋ ಒಂದು ಬಾಳೆಹಣ್ಣೋ ಕೊಡಿಸಲಿ. ಪ್ರತಿ ಶಾಲೆಯ ಸಾಲಿನ ಹಿಂದೆ ಒಂದು ನೀರಿನ ಕ್ಯಾನ್, ಸ್ಟೀಲ್ ಲೋಟ, ಒಬ್ಬರು ಆಶಾ ಕಾರ್ಯಕರ್ತೆ ಇರಲಿ. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಅಂತ ಶುರುವಿನಲ್ಲೇ ಮೈಕ್‌ನಲ್ಲಿ ಹೇಳಿಸಿ. ಪಥಸಂಚಲನ ಮುಗಿಸಿದ ತಂಡವನ್ನು ಮತ್ತೆ ನಿಲ್ಲಿಸುವ ಬದಲು ಜಮಖಾನದ ಮೇಲೆ ಕೂರಿಸಿ. ನಮ್ಮಂಥ ಅಂಗಡಿಯಲ್ಲಿ ಜಮಖಾನ ಎಷ್ಟು ಬೇಕಾದರೂ ಸಿಗುತ್ತವೆ, ಬಾಡಿಗೆಯೂ ಕಡಿಮೆ.

ಸಂಜೆಯ ಕೆಲಸ

ಪ್ಲಾಸ್ಟಿಕ್ ಬಾವುಟ 2022ರ ಜುಲೈ 1ರಿಂದ ನಿಷೇಧ. ಕಾಗದದ್ದನ್ನೂ ಮಕ್ಕಳು ಎಲ್ಲೆಂದರಲ್ಲಿ ಬಿಡುತ್ತಾರೆ. ಕಾಲಿಗೆ ಸಿಕ್ಕದ ಹಾಗೆ ಸ್ಕೌಟ್ಸ್, ಸೇವಾದಳದ ಮಕ್ಕಳ ಕೈಗೆ ಬಟ್ಟೆ ಚೀಲ ಕೊಟ್ಟು ಕಾರ್ಯಕ್ರಮ ಮುಗಿದ ತಕ್ಷಣ ಆರಿಸಿ. ಸಂಜೆ ಬಾವುಟ ಇಳಿಸುವುದಕ್ಕೆ ಇಬ್ಬರ ಹೆಸರನ್ನು ಬೆಳಗ್ಗೆಯೇ ಬರೆದಿಟ್ಟಿರಬೇಕು. ಒದ್ದೆಯಾಗಿದ್ದರೆ ಮಡಚಿಡಬೇಡಿ, ನೆರಳಿನಲ್ಲಿ ಒಣಗಿಸಿ. ನೆಲಕ್ಕೆ ತಾಗಬಾರದು. ಹರಿದ ಬಾವುಟವನ್ನು ಕಸಕ್ಕೆ ಹಾಕುವಂತಿಲ್ಲ. ಜನರಿಲ್ಲದ ಕಡೆ ಗೌರವದಿಂದ ಸುಡಬೇಕು.

ತಹಶೀಲ್ದಾರರು, ಬಿಇಒ ಸಾಹೇಬರು ವರ್ಗ ಆಗುತ್ತಾ ಇರುತ್ತಾರೆ. ಮುಂದಿನ ವರ್ಷ ಹೊಸಬರು ಬಂದಾಗ ಮತ್ತೆ ಮೊದಲಿನಿಂದ ಶುರು ಆಗಬಾರದು. ಬಾವುಟದ ಅಳತೆ, ಹಗ್ಗದ ಉದ್ದ, ಹಾರ್ನ್ ಎಲ್ಲಿ ಕಟ್ಟಿದ್ದು, ಎಷ್ಟು ಲೋಟ ಉಪ್ಪಿಟ್ಟಿನ ರವೆ ಬೇಕಾಯಿತು, ಯಾರು ಏನು ಕೊಟ್ಟರು, ಎಷ್ಟು ಖರ್ಚಾಯಿತು ಎಲ್ಲವನ್ನೂ ಅದೇ ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ಪ್ರತಿ ಮಾಡಿಸಿ. ತಾಲ್ಲೂಕು ಕಚೇರಿಗೆ ಒಂದು, ದೈಹಿಕ ಶಿಕ್ಷಕರ ಸಂಘಕ್ಕೆ ಒಂದು, ಮೈಕ್ ಅಂಗಡಿಗೆ ಒಂದು.