ಬಂಗಡೆ ಹಿಡಿದು ಹೇಳಿಕೊಟ್ಟ ನುಣುಪು ಇಆರ್

ಕಾರವಾರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳೋದು ನನ್ನ ಕೆಲಸ. ಮೊದಲ ವರ್ಷ ನುಣುಪು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಚಿಕ್ಕದಾಗಿ ಇಆರ್, ಜೀವಕೋಶದೊಳಗೆ ಪೊರೆಯ ಕೊಳವೆಗಳಿಂದಾದ ಬಲೆ) ಪಾಠ ಪೂರ್ತಿ ಕೈಕೊಟ್ಟಿತು. ಲಿವರ್ ಸ್ಲೈಡ್ ಇಟ್ಟು "ನೋಡಿ, ಇದರೊಳಗೇ ಇದೆ" ಅಂದೆ. ಒಬ್ಬಳು ಹುಡುಗಿ ತುಂಬಾ ಹೊತ್ತು ಬಗ್ಗಿ ನೋಡಿದಳು. "ಸರ್, ಬರೀ ಗುಲಾಬಿ ಬಣ್ಣ ಕಾಣ್ತದೆ" ಅಂದಳು. ಸರಿಯಾಗೇ ಹೇಳಿದಳು. ಆ ಕೊಳವೆಗಳ ಅಗಲ ಸುಮಾರು 50 ನ್ಯಾನೋಮೀಟರ್, ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿಗೆ 200ಕ್ಕಿಂತ ಚಿಕ್ಕದನ್ನು ಬಿಡಿಸಿ ತೋರಿಸೋಕೆ ಆಗಲ್ಲ. 1945ರಲ್ಲಿ ಕೀತ್ ಪೋರ್ಟರ್ ತಂಡದವರು ಈ ಬಲೆಯನ್ನು ಕಂಡಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ. ನಾನು ಸುಮ್ನೆ ಅವಮಾನ ಮಾಡಿಕೊಂಡೆ.

ಅಲ್ಲಿಂದ ಸ್ಲೈಡ್ ಬಿಟ್ಟೆ, ನುಣುಪು ಇಆರ್ ಯಾವ ಯಾವ ಕೋಶದಲ್ಲಿ ಜಾಸ್ತಿ ಅನ್ನೋ ಪಟ್ಟಿ ಉರು ಹೊಡೆಸೋದನ್ನೂ ಬಿಟ್ಟೆ. ಈಗ ಕೇಳೋದು ಒಂದೇ ಪ್ರಶ್ನೆ: ಈ ಜೀವಕೋಶ ಹೊಟ್ಟೆಪಾಡಿಗೆ ಏನು ಮಾಡ್ತದೆ?

ಶುರು ಮಾಡೋದು ಬಂಗಡೆಯಿಂದ. ನಾನು ಶಿರಸಿ ಕಡೆಯವನು, ಅಡಿಕೆ ತೋಟ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಮೀನು ಮುಟ್ಟಿದವನೇ ಅಲ್ಲ. ಪೇಟೆಯಲ್ಲಿ ಮೀನು ಮಾರೋ ಅಮ್ಮ ಒಂದು ಬಂಗಡೆಯ ತಲೆ ಹಿಡಿದು ಅಡ್ಡ ಎತ್ತಿದರು. ಬಾಲ ಜೋತು ಬೀಳಲಿಲ್ಲ, ಕೋಲಿನ ಹಾಗೆ ನಿಂತಿತ್ತು. ತಾಜಾ ಅಂತ ಗುರುತು ಅದು. ಸ್ನಾಯುವಿನ ಒಂದೊಂದು ಎಳೆಗೂ ನುಣುಪು ಇಆರ್ ಬಲೆ ಹಾಗೆ ಸುತ್ತಿಕೊಂಡಿರ್ತದೆ, ಅಲ್ಲಿ ಅದರ ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್. ಕ್ಯಾಲ್ಸಿಯಂ ಹೊರಗೆ ಬಿಟ್ಟರೆ ಸ್ನಾಯು ಬಿಗಿಯುತ್ತದೆ, ಪಂಪ್ ಮಾಡಿ ಒಳಗೆ ಎಳೆದುಕೊಂಡರೆ ಸಡಿಲ. ಮೀನು ಸತ್ತ ಮೇಲೆ ಕೋಶಕ್ಕೆ ಶಕ್ತಿ ಕೊಡೋ ಎಟಿಪಿ ಮುಗೀತದೆ, ಪಂಪ್ ನಿಲ್ತದೆ, ಕ್ಯಾಲ್ಸಿಯಂ ಹೊರಗೇ ಉಳೀತದೆ, ಸ್ನಾಯು ಎಳೆಯೋ ಮಯೋಸಿನ್ ಪ್ರೋಟೀನ್ ತಾನು ಹಿಡಿದ ಆಕ್ಟಿನ್ ಪ್ರೋಟೀನನ್ನು ಬಿಡೋಕೂ ಎಟಿಪಿ ಬೇಕು, ಅದೂ ಇಲ್ಲ, ಹಾಗಾಗಿ ಮೀನು ಸೆಟೆದುಕೊಳ್ತದೆ. ಮೀನು ತಿನ್ನೋ ಮನೆಯ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲ್ಲ.

ಆಮೇಲೆ ಲಿವರ್. ಔಷಧಿ, ಮದ್ಯ ಇಂಥವನ್ನು ಕರಗಿಸಿ ಹೊರಗೆ ಕಳಿಸೋ ಪಿ450 ಎಂಜೈಮ್‌ಗಳು ಕೂತಿರೋದು ನುಣುಪು ಇಆರ್ ಪೊರೆಯಲ್ಲೇ. ಫಿಟ್ಸ್‌ಗೆ ಕೊಡೋ ಫಿನೋಬಾರ್ಬಿಟಲ್ ಮಾತ್ರೆ ಕೊಟ್ಟರೆ ಕೆಲವೇ ದಿನದಲ್ಲಿ ಅಲ್ಲಿ ಇಆರ್ ಬೆಳೀತದೆ, ಮಾತ್ರೆ ನಿಲ್ಲಿಸಿದರೆ ಮತ್ತೆ ಇಳೀತದೆ. ದಿನಾ ಕುಡಿಯೋರಿಗೆ ಜಾಸ್ತಿ ಬೇಕಾಗೋದಕ್ಕೂ ಇದೇ ಒಂದು ಕಾರಣ. ಇದನ್ನು ಹೇಳಿದಾಗ ತರಗತಿ ಯಾಕೋ ತುಂಬಾ ಗಂಭೀರ ಆಗ್ತದೆ!

ಕೊಲೆಸ್ಟರಾಲಿನಿಂದ ಹಾರ್ಮೋನ್ ಮಾಡೋ ಜಾಗಗಳನ್ನು ಬೇಗ ಮುಗಿಸ್ತೇನೆ: ಅಡ್ರಿನಲ್ ಹೊರಪದರ, ವೃಷಣದ ಲೇಡಿಗ್ ಕೋಶ, ಅಂಡಾಶಯದ ಕಾರ್ಪಸ್ ಲೂಟಿಯಂ. ಸಣ್ಣ ಕರುಳಿನ ಕೋಶಗಳಲ್ಲೂ ಇದೆ, ಹೀರಿದ ಕೊಬ್ಬನ್ನು ಮತ್ತೆ ಜೋಡಿಸೋಕೆ.

ತಪ್ಪಾಗೋದು ಪ್ಯಾಂಕ್ರಿಯಾಸ್‌ನಲ್ಲಿ. ಎಂಜೈಮ್ ಸುರಿಸೋ ಕೋಶ ಅಂದ ಕೂಡಲೇ ಅರ್ಧ ಜನ "ನುಣುಪು" ಅಂತ ಬರೀತಾರೆ. ಅದು ಪ್ರೋಟೀನ್ ಕಾರ್ಖಾನೆ, ಪ್ರೋಟೀನ್ ಕಟ್ಟೋ ರೈಬೋಸೋಮ್ ಕಣಗಳು ಅಂಟಿಕೊಂಡ ಒರಟು ಇಆರ್‌ದೇ ರಾಜ್ಯ. ನಮ್ಮ ಬೆಳೆದ ಕೆಂಪು ರಕ್ತಕಣದಲ್ಲಿ ಎರಡೂ ಇಲ್ಲ.

ಈ ಸಲ ಒಬ್ಬ ಕೇಳಿದ, "ಗಿಡದಲ್ಲಿ ಇಲ್ವಾ ಸರ್?" ಪುದೀನ ಜಾತಿಯ ಗಿಡಗಳ ಎಲೆಯಲ್ಲಿ ಘಮ ಕೊಡೋ ಎಣ್ಣೆ ತಯಾರಾಗೋ ಗ್ರಂಥಿಕೂದಲುಗಳಲ್ಲಿ ಧಾರಾಳ ಇದೆ ಅಂದೆ. ಮರುದಿನ ಅವನು ಒಂದು ಕಟ್ಟು ಪುದೀನ ತಂದು ಮೈಕ್ರೋಸ್ಕೋಪ್ ಪಕ್ಕ ಇಟ್ಟ.